ಗಣಪತಿ ಪಟದ ಕೆಳಗಿನ ಬಟನ್ನು

ಪರಂಗಿಮಲೆ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ರಾತ್ರಿ ಹನ್ನೊಂದೂವರೆ ಆಗಿತ್ತಂತೆ. ನನ್ನ ತಂಗಿ ಮಗ ಕಮಲಾಕರ, ಒಬ್ಬನೇ. ಆಗ ನಾವೆಲ್ಲ ಆದಂಬಾಕ್ಕದಲ್ಲಿದ್ದೆವು, ಅವನೂ ನಮ್ಮ ಮನೆಯಲ್ಲೇ ಇದ್ದ. ಸ್ಟೇಷನ್ನಿಂದ ಮನೆಗೆ ಬರೋ ದಾರಿಯಲ್ಲಿ ಒಂದು ಆಲದ ಮರ. ಅದರ ಪಕ್ಕ ಹಾಳು ಬಾವಿ. ಮೇಲೆ ಕಬ್ಬಿಣದ ಜಾಲರಿ ಹೊದಿಸಿ ಬೀಗ ಜಡಿದಿದ್ದರು. ಜಾಲರಿ ಸಂದಿಯಿಂದ ಜನ ಕಸ ತುರುಕಿ ತುರುಕಿ ಆ ಬಾವಿ ಯಾವಾಗಲೂ ನಾರ್ತಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡೇ ದಾಟೋದು.

ಅವತ್ತು ಕಮಲಾಕರ ಮೂಗು ಮುಚ್ಚೋಕೆ ಕೈ ಎತ್ತಿದ. ಎತ್ತಿದವನು ಹಾಗೇ ನಿಂತ. ನಾರ್ತಿದ್ದದ್ದು ಬಾವಿಯಲ್ಲ... ಅವನ ಕೈ.

ಆಮೇಲೆ ಕೇಳಿಸಿತು.

ಪೀಂಕ್.

ಸಣ್ಣ ಶಬ್ದ. ಆ ಶಬ್ದ ಅವನಿಗೆ ಚೆನ್ನಾಗಿ ಗೊತ್ತು. ಗಿಂಡಿಯ ಕಾರ್ಖಾನೆಯಲ್ಲಿ ಅವನು ಮಾಡ್ತಿದ್ದ ಕಂಪ್ಯೂಟರ್ ಪರದೆ ಇತ್ತಲ್ಲ, ಅದನ್ನ ಬೆರಳಿಂದ ಮುಟ್ಟಿದರೆ ಬರೋ ಶಬ್ದ ಅದು. ಪರದೆ ಇರೋದು ಗಿಂಡಿಯಲ್ಲಿ. ಇವನಿರೋದು ಆಲದ ಮರದ ಕೆಳಗೆ. ಜೇಬಲ್ಲಿ ಮೊಬೈಲೂ ಇಲ್ಲ. ಕೈಯಲ್ಲಿ ನಾನು ಕಟ್ಟಿಕೊಟ್ಟಿದ್ದ ಊಟದ ಡಬ್ಬಿ ಒಂದೇ.

ಪೀಂಕ್... ಪೀಂಕ್.

ಹಿಂದೆ ತಿರುಗಿ ನೋಡಲಿಲ್ಲ. ಓಡಲೂ ಇಲ್ಲ. ಓಡಿದರೆ ಏನೋ ಹಿಂದೆ ಬರುತ್ತೆ ಅನ್ನಿಸಿತಂತೆ.

ಬಾಗಿಲು ತೆಗೆದವಳು ನಾನು. ಅವನ ಮುಖ ಸುಣ್ಣದ ಹಾಗಿತ್ತು. ಏನೋ ಅಂದರೆ ಏನಿಲ್ಲ ದೊಡ್ಡಮ್ಮ ಅಂದ. ಡಬ್ಬಿ ತೊಳೆಯೋಣ ಅಂತ ಒಳಗೆ ತೊಗೊಂಡು ಹೋದೆ. ಮುಚ್ಚಳದ ಮೇಲೆ ಮೂರು ಗೀರು. ಬೂದು ಬಣ್ಣ, ಲೋಳೆ ಲೋಳೆ. ಬಸವನಹುಳ ಹರಿದ ಹಾಗೆ. ಮೂಗಿನ ಹತ್ತಿರ ತಂದೆ ನೋಡಿ... ಥೂ. ಕೊಳೆತ ಮೊಟ್ಟೆ, ಎಣ್ಣೆ, ಅದರ ಹಿಂದೆ ಇನ್ನೇನೋ. ಸತ್ತ ಇಲಿ ಬೀರುವಿನ ಹಿಂದೆ ಇದ್ದರೆ ಬರುತ್ತಲ್ಲ, ಅಂಥದ್ದು. ಹುಣಸೆಹಣ್ಣು ಹಾಕಿ ತಿಕ್ಕಿದೆ, ಸಾಬೂನು ಹಾಕಿ ತಿಕ್ಕಿದೆ, ಹೋಗಲಿಲ್ಲ. ಡಬ್ಬೀನೇ ಎಸೆದೆ. ಸ್ಟೀಲಿನ ಡಬ್ಬಿ, ನನ್ನ ಮದುವೆಗೆ ಕೊಟ್ಟಿದ್ದು.

ಇದು ಎರಡು ಸಾವಿರದ ಮೂರನೇ ಇಸವಿ.

ಕಮಲಾಕರನ ಕೆಲಸ ಏನು ಅಂತ ಹೇಳ್ತೀನಿ. ಕಬ್ಬಿಣ ಕೊರೆಯೋ ದೊಡ್ಡ ಯಂತ್ರ ಬರುತ್ತೆ, ಸಿಎನ್‌ಸಿ ಅಂತಾರೆ. ಅದಕ್ಕೆ ಬುದ್ಧಿ ಕೊಡೋದು ಕಂಪ್ಯೂಟರು. ಮುಂದೆ ಒಂದು ಪರದೆ ಇರುತ್ತೆ, ಅದರ ಮೇಲೆ ಬಟನ್ನುಗಳ ಚಿತ್ರ. ಮುಟ್ಟಿದರೆ ಯಂತ್ರ ಮಾತು ಕೇಳುತ್ತೆ. ಪರದೇಶದಿಂದ ಬಂದ ಯಂತ್ರದಲ್ಲಿ ಎಲ್ಲ ಇಂಗ್ಲಿಷು, ನೂರೆಂಟು ಬಟನ್ನು. ಕೆಲಸದವರಿಗೆ ತಲೆ ಕೆಡುತ್ತೆ. ಅವರಿಗೆ ಬೇಕಾದ ನಾಲ್ಕೇ ನಾಲ್ಕು ಬಟನ್ನು ದೊಡ್ಡದಾಗಿ, ತಮಿಳಲ್ಲಿ, ಬಣ್ಣ ಹಾಕಿ ಹೊಸ ಪರದೆ ಮಾಡಿಕೊಡೋದು ಇವನ ಕೆಲಸ. ಆಗಷ್ಟೇ ಸ್ವಂತಕ್ಕೆ ಶುರು ಮಾಡಿದ್ದ. ಗಿಂಡಿಯ ಆ ಕಾರ್ಖಾನೆ ಅವನಿಗೆ ಮೊದಲನೇದು. ಹಗಲೆಲ್ಲ ಯಂತ್ರ ಓಡ್ತಿರುತ್ತೆ, ಎಂಟು ಗಂಟೆಗೆ ನಿಲ್ಲುತ್ತೆ. ಆಮೇಲೇ ಇವನಿಗೆ ಯಂತ್ರ ಸಿಗ್ತಿದ್ದದ್ದು.

ಆ ಯಂತ್ರಕ್ಕೊಂದು ಬಾಗಿಲಿದೆ. ಬಾಗಿಲು ತೆರೆದರೆ ಯಂತ್ರ ನಿಲ್ಲಬೇಕು. ಒಳಗೆ ಕೈ ಹಾಕಿದಾಗ ತಿರುಗಬಾರದು, ಅದಕ್ಕೆ. ಆದರೆ ಒಳಗೆ ಕಬ್ಬಿಣದ ಸುರುಳಿ ಸಿಕ್ಕಿಕೊಳ್ತಾನೇ ಇರುತ್ತೆ. ಸಲಸಲಕ್ಕೂ ನಿಲ್ಲಿಸಿ, ಬಿಡಿಸಿ, ಮತ್ತೆ ಶುರು ಮಾಡಿದರೆ ಹೊತ್ತು ಹಾಳು ಅಂತ ಅಲ್ಲಿನ ಮುದಲಾಳಿಗೆ, ಅಂದರೆ ಯಜಮಾನನಿಗೆ, ಹೊಟ್ಟೆ ಉರಿ. ಮುಂಚೆ ಬಾಗಿಲಿನ ಸ್ವಿಚ್ಚಿಗೆ ತಂತಿ ಬಿಗಿದು ಮೋಸ ಮಾಡ್ತಿದ್ದನಂತೆ. ತಪಾಸಣೆಗೆ ಬಂದವರ ಕಣ್ಣಿಗೆ ತಂತಿ ಬಿತ್ತು. ಅದಕ್ಕೆ ಕಮಲಾಕರನ ಹೆಗಲ ಮೇಲೆ ಕೈ ಹಾಕಿ ಹೇಳಿದ, ಪರದೆಯಲ್ಲೇ ಒಂದು ಗುಟ್ಟಿನ ಬಟನ್ನು ಮಾಡಿಬಿಡಪ್ಪಾ ಅಂತ. ಮುಟ್ಟಿದರೆ ಬಾಗಿಲು ತೆರೆದಿದ್ದರೂ ಯಂತ್ರ ಓಡಬೇಕು. ನೋಡಿದವರಿಗೆ ಅದು ಬಟನ್ನು ಅಂತ ಗೊತ್ತಾಗಬಾರದು.

ಎಲ್ಲಿ ಬಚ್ಚಿಡೋದು? ಅದನ್ನೂ ಮುದಲಾಳಿಯೇ ಹೇಳಿದ. ಪರದೆಯ ಬಲಗಡೆ ಮೂಲೆಯಲ್ಲಿ ಪಿಳ್ಳೆಯಾರ್ ಪಟ ಹಾಕು. ಅದರ ಕೆಳಗಿಡು. ಮೂರು ಸಲ ಮುಟ್ಟಿದರೆ ಕೆಲಸ ಮಾಡಲಿ. ತಪಾಸಣೆಯವನು ದೇವರ ಪಟಕ್ಕೆ ಬೆರಳು ಹಾಕ್ತಾನಾ?

ಹೇಸಿಗೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಏನು ಬೇಕು? ನಮ್ಮ ಗಣಪತೀನ ತಂದು ಕಳ್ಳತನಕ್ಕೆ ಪರದೆ ಹಿಡಿಯೋಕೆ ಕೂರಿಸೋದು. ಇವನೂ ಹೂಂ ಅಂದ. ಹೆತ್ತ ಮಗನ ಹಾಗೆ ಸಾಕಿದ್ದೀನಿ, ಆದರೂ ಹೇಳ್ತೀನಿ, ಅವನೂ ಆ ಹೇಸಿಗೆ ತುಳಿದ.

ಮೊದಲನೇ ರಾತ್ರಿ ಪಟ ಕೂರಿಸಿದ. ಮಾರನೇ ಸಾಯಂಕಾಲ ಹೋಗಿ ನೋಡ್ತಾನೆ, ಪಟದ ಮೇಲೆ ಲೋಳೆ. ಮೂರು ಗೀರು. ಮಿಕ್ಕ ಪರದೆಯೆಲ್ಲ ಚೊಕ್ಕ. ಯಾರೋ ಎಣ್ಣೆ ಕೈ ಇಟ್ಟಿರಬೇಕು ಅಂತ ಒರೆಸಿದ. ಮಾರನೇ ದಿನ ಮತ್ತೆ. ಅದರ ಮಾರನೇ ದಿನ ಮತ್ತೆ. ಒರೆಸಿದ ಬಟ್ಟೆ ಹಿಂಡಿದರೆ ದಾರದ ಹಾಗೆ ಇಳೀತಿತ್ತಂತೆ... ಊಟದ ಹೊತ್ತಲ್ಲಿ ಹೇಳಬೇಡ ಕಣೋ ಅಂತ ನಾನೇ ಬೈದಿದ್ದೆ. ಅವನು ಊಟಾನೂ ಮಾಡ್ತಿರಲಿಲ್ಲ. ಅನ್ನ ಕಲಸಿ ಬಾಯಿ ಹತ್ತಿರ ತರೋದು, ಕೈ ಮೂಸೋದು, ತಟ್ಟೆಗೆ ಹಾಕೋದು.

ಹಗಲು ಆ ಯಂತ್ರ ನಡೆಸ್ತಿದ್ದವನು ಅಂದಾನಿ. ಗದಗಿನ ಕಡೆಯವನು. ಒಳ್ಳೆ ಮನುಷ್ಯ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಕಮಲಾಕರ ಕನ್ನಡದವನು ಅಂತ ಗೊತ್ತಾದ ಮೇಲೆ ಅವನ ಜೊತೆ ಹೊತ್ತು ಮೀರಿ ಕೂರ್ತಿದ್ದ. ಒಂದಿನ ಇವನು ತಡೆಯಲಾರದೆ ಕೇಳೇಬಿಟ್ಟ, ಇಲ್ಲಿ ಏನು ಇಂಥಾ ನಾತ ಅಂತ.

ಅಂದಾನಿ ಸುತ್ತ ನೋಡಿದ. ಪಿಸುಗುಟ್ಟಿದ.

"ನೀರು ಬದಲೀ ಮಾಡಿಲ್ರೀ ಸರ್."

ಯಂತ್ರದ ಅಲಗು ಕಾಯಬಾರದು ಅಂತ ಅದರ ಮೇಲೆ ಹಾಲಿನ ಹಾಗೆ ಬಿಳೀ ನೀರು ಸುರಿಸ್ತಾರೆ, ಎಣ್ಣೆ ಬೆರೆಸಿದ್ದು, ಕೂಲೆಂಟು ಅಂತಾರೆ. ಅದು ಕೆಳಗೆ ತೊಟ್ಟಿಗೆ ಇಳಿದು ಮತ್ತೆ ಮೇಲಕ್ಕೆ ಬರುತ್ತೆ. ಹಳೇದಾದರೆ ನಾರುತ್ತೆ, ಚೆಲ್ಲಿ ಹೊಸದು ತುಂಬಬೇಕು. ಆರು ತಿಂಗಳ ಹಿಂದೆ ಇದೇ ಯಂತ್ರದಲ್ಲಿ ಸೀತಾರಾಮ ಅನ್ನೋನ ಬಲಗೈಯ ಮೂರು ಬೆರಳು ಹೋಗಿದ್ದವು. ಆಗ ಬಾಗಿಲಿನ ಸ್ವಿಚ್ಚಿಗೆ ತಂತಿ ಬಿಗಿದಿತ್ತು. ಒಂದು ಅಲಗಿನ ಕೆಲಸ ಮುಗಿದು ಇನ್ನೊಂದು ಅಲಗು ಬರೋ ಮುಂಚೆ ಯಂತ್ರ ಒಂದು ಗಳಿಗೆ ಸುಮ್ಮನಾಗುತ್ತೆ. ನಿಂತಿದೆ ಅಂತ ಅವನು ಕೈ ಹಾಕಿದ. ಅದು ನಿಂತಿರಲಿಲ್ಲ.

"ಬೆರಳು ಹುಡುಕಿದ್ರಾ?" ಅಂತ ಕಮಲಾಕರ ಕೇಳಿದ.

"ಹುಡುಕಿದ್ವಿ. ಸಿಗಲಿಲ್ಲ. ಮುದಲಾಳಿ ನಿಂತು ಆ ನೀರನ್ನ ಪಂಚೆಯೊಳಗ ಸೋಸಿಸಿದ್ರು. ಸೋಸಿ ಮತ್ತ ಅದಕ್ಕ ಹಾಕಿಸಿದ್ರು."

ಕೇಳಿದಿರಾ? ಮನುಷ್ಯನ ರಕ್ತ ಬಿದ್ದ ನೀರು. ಅದನ್ನ ನಾವು ಹಾಲು ಸೋಸೋ ಹಾಗೆ ಸೋಸಿ ಮತ್ತೆ ತೊಟ್ಟಿಗೆ ಸುರಿಸಿದ ಆ ಪಾಪಿ. ಮಾರನೇ ದಿನ ನಿಂಬೆಹಣ್ಣು ಕುಯ್ದು, ಕುಂಕುಮ ಹಚ್ಚಿ, ಕರ್ಪೂರ ಹಚ್ಚಿ, ಯಂತ್ರ ಶುರು ಮಾಡಿಸಿದನಂತೆ. ಸೀತಾರಾಮನದ್ದೇ ಅಜಾಗರೂಕತೆ ಅಂತ ಬರೆಸಿಕೊಂಡು ಮನೆಗೆ ಕಳಿಸಿದ.

ಅವತ್ತು ರಾತ್ರಿ ಅಂದಾನಿ ಹೋದ ಮೇಲೆ ಕಮಲಾಕರ ದೀಪ ಆರಿಸಲಿಲ್ಲ. ಯಂತ್ರ ನಿಂತಿತ್ತು. ತೊಟ್ಟಿಯಲ್ಲಿ ಗುಳುಕ್... ಗುಳುಕ್... ಅಂತ ನೀರು ಒಂದೊಂದೇ ಗುಳ್ಳೆ ಬಿಡ್ತಿತ್ತು. ಆಮೇಲೆ ಅದೂ ನಿಂತಿತು. ತಗಡಿನ ಮೇಲೆ ಏನೋ ಏರೋ ಶಬ್ದ... ಪಚ್... ಪಚ್... ಪಚ್. ಒದ್ದೆ ಶಬ್ದ. ಮೆಲ್ಲಗೆ. ಬಾಗಿಲಿನ ತನಕ ಬಂತು. ಪರದೆಯ ಕೆಳಗೆ ಬಂತು.

ಅವನು ಕುರ್ಚಿಯಲ್ಲಿ ಕೂತಿದ್ದಾನೆ, ಪರದೆಯಿಂದ ಎರಡು ಮಾರು ದೂರ. ಮುಂದೆ ಯಾರೂ ಇಲ್ಲ.

ಗಾಜಿನ ಮೇಲೆ ಒಂದು ಒದ್ದೆ ಬೊಟ್ಟು ಮೂಡಿತು. ಪೀಂಕ್.

ಇನ್ನೊಂದು. ಪೀಂಕ್.

ಮೂರನೇದು. ಪೀಂಕ್.

ಮೂರೂ ಒಟ್ಟಿಗೆ ಜರುಗಿದವು. ಗಣಪತಿಯ ಮುಖದ ಮೇಲಿಂದ ಕೆಳಕ್ಕೆ... ಕೀ...ಚ್... ಅಂತ, ಒದ್ದೆ ಬೆರಳಿಂದ ಗಾಜು ಉಜ್ಜಿದ ಹಾಗೆ. ಮತ್ತೆ ಮೇಲಿಂದ ಕೆಳಕ್ಕೆ. ಮತ್ತೆ. ಒರೆಸಿ ಅಳಿಸಿಹಾಕೋಕೆ ನೋಡೋ ಹಾಗೆ. ಇವನು ಅಲ್ಲೇ ಮೂಲೆಗೆ ಹೋಗಿ ಕಕ್ಕಿದ. ಭಯಕ್ಕಲ್ಲ ದೊಡ್ಡಮ್ಮ, ಆ ನಾತಕ್ಕೆ ಅಂದ. ಆ ರಾತ್ರಿಯೇ ಆಲದ ಮರದ ಹತ್ತಿರ ಆದದ್ದು, ನಾನು ಡಬ್ಬಿ ಎಸೆದದ್ದು.

ಬೆಳಗಿನ ಜಾವಕ್ಕೆ ಎಲ್ಲ ಬಾಯಿ ಬಿಟ್ಟ. ನಾನು ಒಂದೇ ಕೇಳಿದೆ, ಆ ಸೀತಾರಾಮ ಯಾವಾಗ ತೀರಿಕೊಂಡ ಅಂತ.

"ತೀರಿಕೊಂಡಿಲ್ಲ ದೊಡ್ಡಮ್ಮ. ಎಣ್ಣೂರಲ್ಲಿದ್ದಾನೆ."

ಸತ್ತವರದ್ದಾದರೆ ಏನಾದರೂ ಮಾಡಬಹುದು, ಪಿಂಡ ಇಡಬಹುದು. ಬದುಕಿರೋನ ಬೆರಳಿಗೆ ಏನು ಮಾಡೋದು?

ಭಾನುವಾರ ನಾನೂ ಹೊರಟೆ. ಪರಂಗಿಮಲೆಯಿಂದ ಬೀಚ್ ಸ್ಟೇಷನ್ನು, ಅಲ್ಲಿ ರೈಲು ಬದಲಾಯಿಸಿ ಎಣ್ಣೂರು. ಕರೆಂಟು ಮಾಡೋ ಕಡೆಯ ಬೂದಿ, ಮೀನು ಒಣಗಿಸೋ ವಾಸನೆ. ಸೀತಾರಾಮನ ಅಪ್ಪ ಕೋಲಾರದ ಕಡೆಯಿಂದ ಅಲ್ಲಿ ಕೆಲಸಕ್ಕೆ ಬಂದವರಂತೆ. ಒಂದೇ ಕೋಣೆ ಮನೆ. ಅವನು, ಹೆಂಡತಿ ಸುಮತಿ. ವಾಂಗಮ್ಮಾ ಅಂತ ಕರೆದು ಚಾಪೆ ಹಾಕಿದಳು. ಅವನ ಬಲಗೈ ನೋಡಬಾರದು ಅಂದುಕೊಂಡೇ ನೋಡಿದೆ. ಹೆಬ್ಬೆರಳು, ಕಿರುಬೆರಳು. ಮಧ್ಯೆ ಏನೂ ಇಲ್ಲ.

ಕಮಲಾಕರ ಬಾಯಿ ತೆರೆಯೋದಕ್ಕೆ ಮುಂಚೆ ಅವನೇ ಕೇಳಿದ.

"ಪರದೆ ಬದಲಾಯಿಸಿದೀರಾ?"

ಇವನು ಹೂಂ ಅಂದ.

"ಮುಂಚೆ ಅಲ್ಲಿ ಕೀಲಿಗಳಿದ್ವು. ಈಗ ನುಣ್ಣಗಿದೆ. ತಣ್ಣಗಿದೆ. ಬಲಗಡೆ ಮೂಲೆಯಲ್ಲಿ ಏನಿಟ್ಟಿದೀರಿ ಸಾರ್?"

ಸೀತಾರಾಮ ಆ ಹೊಸ ಪರದೆ ಕಂಡೇ ಇರಲಿಲ್ಲ ಕಣ್ರೋ. ಬೆರಳು ಹೋದ ಮೇಲೆ ಗಿಂಡಿ ಕಡೆ ತಲೆ ಹಾಕಿರಲಿಲ್ಲ.

"ರಾತ್ರಿ ನನ್ನ ಬೆರಳು ತೊಯ್ದ ಹಾಗಾಗುತ್ತೆ," ಅಂದ. "ಹೋದ ಬೆರಳು. ಅದು ಎಲ್ಲೆಲ್ಲಿ ಹೋಗುತ್ತೋ ನನಗೆ ಗೊತ್ತಾಗುತ್ತೆ. ಅದು ಅಲ್ಲಿ ಏನನ್ನೋ ಅಳಿಸೋಕೆ ನೋಡ್ತಿದೆ. ಅಳೀತಾ ಇಲ್ಲ. ನೀವೇ ಅಳಿಸಿಬಿಡಿ ಸಾರ್."

ಸುಮತಿ ಅಡುಗೆ ಒಲೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಇವನು ಎಲ್ಲ ಹೇಳಿದ, ಗಣಪತಿ ಪಟ, ಕೆಳಗಿನ ಬಟನ್ನು, ಮೂರು ಸಲ ಮುಟ್ಟೋದು. ಸೀತಾರಾಮ ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ, ಈಗ ಆ ಯಂತ್ರದ ಮೇಲೆ ಯಾರಿದ್ದಾರೆ ಅಂತ.

"ಅಂದಾನಿ."

"ಅಂದಾನಿ ಕೆಲಸ ಶುರು ಮಾಡೋ ಮುಂಚೆ ಏನು ಮಾಡ್ತಾನೆ, ನೋಡಿದೀರಾ?"

ಆಗ ಕಮಲಾಕರ ಕಾಪಿ ಲೋಟ ಕೆಳಗಿಟ್ಟ. ಒಂದೆರಡು ಸಲ ಬೆಳಿಗ್ಗೆ ಹೋಗಿದ್ದಾಗ ಅವನು ನೋಡಿದ್ದ. ಅಂದಾನಿ ಗೋಡೆ ಮೇಲಿನ ದೇವರ ಪಟ ಮುಟ್ಟಿ ಕಣ್ಣಿಗೊತ್ತಿಕೊಳ್ತಾನೆ. ಒಂದು ಸಲ ಅಲ್ಲ. ಮೂರು ಸಲ. ನಮ್ಮೋರು ಯಾರು ಮಾಡಲ್ಲ ಹೇಳಿ? ತಪಾಸಣೆಯವನು ಮುಟ್ಟಲ್ಲ ಅಂತ ಅಷ್ಟು ಯೋಚನೆ ಮಾಡಿದರು. ದಿನಾ ಅದರ ಮುಂದೆ ನಿಲ್ಲೋನು ಕೈ ಮುಗಿಯದೆ ಇರ್ತಾನಾ ಅನ್ನೋದು ಮುದಲಾಳಿ, ಇವನು, ಇಬ್ಬರ ತಲೆಗೂ ಹೊಳೆಯಲಿಲ್ಲ. ಅಲ್ಲಿತನಕ ಹಗಲು ಹಳೇ ಕೀಲಿಗಳಲ್ಲೇ ಯಂತ್ರ ಓಡ್ತಿತ್ತು, ಹೊಸ ಪರದೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಶುರು. ಅಂದಾನಿಗೆ ಆ ಬಟನ್ನಿನ ಸುದ್ದೀನೇ ಗೊತ್ತಿಲ್ಲ. ಭಕ್ತಿಯಿಂದ ಮೂರು ಸಲ ಮುಟ್ತಾನೆ, ತಾನಾಗೇ ತನ್ನ ಕಾವಲು ಕಿತ್ತುಹಾಕಿಕೊಳ್ತಾನೆ. ಬಾಗಿಲು ತೆರೆದಿದೀನಲ್ಲ, ನಿಂತಿದೆ ಅಂತ ಕೈ ಹಾಕ್ತಾನೆ.

ಭಾನುವಾರ ಕಾರ್ಖಾನೆಗೆ ಬೀಗ. ಸೋಮವಾರ ಇವನು ಏಳಕ್ಕೇ ಹೊರಟ. ಹಾಳಾದ ರೈಲು ಅವತ್ತೇ ತಡ. ಗಿಂಡಿ ಸ್ಟೇಷನ್ನಿಂದ ಓಡಿದನಂತೆ. ಒಳಗೆ ಹೋಗೋ ಹೊತ್ತಿಗೆ ಯಂತ್ರ ಹೂಂ...ಂ...ಂ ಅಂತಿದೆ. ಪರದೆಗೆ ಹೂವಿನ ಹಾರ. ಮುದಲಾಳಿ ಸಿಹಿ ಹಂಚ್ತಿದ್ದಾನೆ. ಅಂದಾನಿ ಬಾಗಿಲು ಜರುಗಿಸಿದ... ಕರ್ರ್... ಯಂತ್ರ ಸುಮ್ಮನಾಯಿತು. ಆ ಒಂದು ಗಳಿಗೆ. ಅಂದಾನಿ ಸುರುಳಿ ಬಿಡಿಸೋಕೆ ಕೈ ಚಾಚಿದ.

ಕಮಲಾಕರ ಹೋಗಿ ಕೆಂಪು ಗುಂಡಿ ಗುದ್ದಿದ. ಟಪ್. ಎಲ್ಲಾ ಆರಿತು. ಅಲಗು ಅರ್ಧ ಸುತ್ತು ಸುತ್ತಿ, ಅಂದಾನಿಯ ತೋರುಬೆರಳಿಂದ ಗೇಣು ದೂರದಲ್ಲಿ ನಿಂತಿತು.

ಅಲ್ಲೇ ಕೂತು ಆ ಬಟನ್ನು ಕಿತ್ತ. ಪಟ ಬಿಟ್ಟ, ಬಟನ್ನು ಕಿತ್ತ. ಮುದಲಾಳಿ ಎಲ್ಲರೆದುರು ಬಾಯಿಗೆ ಬಂದ ಹಾಗೆ ಬೈದು ಹೊರಗೆ ಹಾಕಿದ. ನಿನ್ನಂಥವರು ಗಿಂಡಿಯಲ್ಲಿ ಬೀದಿಗೊಬ್ಬರು ಅಂದ. ಅದೂ ನಿಜವೇ. ವಾರದೊಳಗೆ ಬೇರೆ ಒಬ್ಬನನ್ನ ಕರೆಸಿ, ಅದೇ ಪಟದ ಕೆಳಗೆ ಅದೇ ಬಟನ್ನು ಮತ್ತೆ ಇಡಿಸಿದ. ಈ ಸಲ ದಿನಾ ಬೆಳಿಗ್ಗೆ ತಾನೇ ಬಂದು ಒತ್ತೋದು ಅಂತ ಮಾಡಿದ. ಅಂದಾನಿ ನಮ್ಮ ಮನೆಗೆ ಬಂದು ಇದನ್ನ ಹೇಳಿ ತಲೆ ತಗ್ಗಿಸಿ ಕೂತ. ಕೆಲಸ ಬಿಡೋ ಹಾಗಿಲ್ಲ, ಇಬ್ಬರು ಹೆಣ್ಣುಮಕ್ಕಳು. ಅವನ ಹತ್ತು ಬೆರಳೂ ತೊಡೆ ಮೇಲಿದ್ದವು. ನಾನು ಆ ಕಡೆ ನೋಡದ ಹಾಗೆ ಕಾಪಿ ಕೊಟ್ಟೆ.

ಆದರೆ ಆ ಬಟನ್ನು ಹತ್ತಲಿಲ್ಲ.

ಮುದಲಾಳಿ ಮೂರು ಸಲ ಒತ್ತಿದ, ಮೂವತ್ತು ಸಲ ಒತ್ತಿದ. ಪೀಂಕ್ ಇಲ್ಲ, ಏನಿಲ್ಲ. ಮಿಕ್ಕ ಬಟನ್ನೆಲ್ಲ ಸರಿ. ಗಣಪತಿ ಇದ್ದ ಜಾಗ ಮಾತ್ರ, ಅಂಗೈಯಗಲ, ಸತ್ತ ಹಾಗೆ. ಹೊಸಬ ಬಂದು ನೋಡಿದ, ಗಾಜು ಕೆಟ್ಟಿದೆ ಅಂದ. ಗಾಜು ಬದಲಾಯಿಸಿದರು. ಹಾಗೇ. ಪರದೇನೇ ಬದಲಾಯಿಸಿದರು. ಅದೇ ಅಂಗೈಯಗಲ. ತೊಟ್ಟಿಯ ನೀರು ಚೆಲ್ಲಿದರೂ ಹೋಗಲಿಲ್ಲ. ದಿನಾ ಬೆಳಿಗ್ಗೆ ಮುದಲಾಳಿ ಬಂದು ಉಂಗುರದ ಬೆರಳಲ್ಲಿ ಚುಚ್ಚೋದು, ಶಾಪ ಹಾಕೋದು, ಹೋಗೋದು. ಮಧ್ಯೆ ಮಧ್ಯೆ ಬಂದೂ ಚುಚ್ಚೋದು. ಅಂದಾನಿ ಬಾಗಿಲು ತೆರೆದರೆ ಯಂತ್ರ ನಿಲ್ಲುತ್ತೆ. ಎಷ್ಟೇ ಹೊತ್ತು ಹಾಳಾಗಲಿ, ನಿಲ್ಲುತ್ತೆ.

ಎರಡು ತಿಂಗಳಾದ ಮೇಲೆ ಒಂದು ಬುಧವಾರ ನಾನು ಎಣ್ಣೂರಿಗೆ ಹೋದೆ. ಒಬ್ಬಳೇ. ಸುಮತಿಗೆ ಚಟ್ನಿಪುಡಿ ಮಾಡಿಕೊಡ್ತೀನಿ ಅಂದಿದ್ದೆ. ಹೋದರೆ ಸೀತಾರಾಮ ಗೋಡೆಗೆ ಒರಗಿ ಕೂತಿದ್ದಾನೆ. ಬಲಗೈ ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ಮುಂದಕ್ಕೆ. ಗಾಳಿಯಲ್ಲಿ ಏನನ್ನೋ ಮುಚ್ಚಿ ಹಿಡಿದ ಹಾಗೆ. ಸುಮತಿ ಪಕ್ಕದಲ್ಲಿ ಕೂತು ಇಡ್ಲಿ ಮುರಿದು ಬಾಯಿಗಿಡ್ತಿದ್ದಾಳೆ.

ನೋವೇನಪ್ಪಾ ಅಂದೆ.

"ನೋವಿಲ್ಲಮ್ಮ. ಯಾರೋ ಚುಚ್ತಾರೆ. ಉಂಗುರ ಹಾಕಿರೋ ಬೆರಳು."

ಕೈ ಇಳಿಸಬಾರದೇನೋ ಅಂದೆ.

"ಅಂದಾನಿ ಇದ್ದಾನಲ್ಲಮ್ಮ," ಅಂದ, ಇಷ್ಟೇ ಸಣ್ಣ ದನಿಯಲ್ಲಿ. "ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. ಭಾನುವಾರ ರಜ."

ನಾನು ಚಟ್ನಿಪುಡಿ ಡಬ್ಬಿ ತೆಗೆದು ಸುಮತಿ ಕೈಲಿಟ್ಟೆ. ಅವಳು ಒಂದು ಚಮಚ ತುಪ್ಪ ಹಾಕಿ ಕಲಸಿದಳು. ಹಾಗೇ ಅರ್ಧ ಗಂಟೆ ಆಗಿರಬೇಕು. ಇದ್ದಕ್ಕಿದ್ದ ಹಾಗೆ ಸೀತಾರಾಮ ಉಸ್ಸಂತ ಕೈ ಇಳಿಸಿದ. ತೋಳು ನೀವಿಕೊಂಡ. ಎಡಗೈಯಲ್ಲಿ ನೀರಿನ ಲೋಟ ತೊಗೊಂಡು ಗಟಗಟ ಕುಡಿದ.

ಏನಾಯ್ತೋ ಅಂದೆ.

"ಕರೆಂಟು ಹೋಯ್ತಮ್ಮ," ಅಂದ.

ನಾನು ತಲೆಯೆತ್ತಿ ನೋಡಿದೆ. ಫ್ಯಾನು ತಿರುಗ್ತಿತ್ತು. ಆಮೇಲೆ ಅಂದಾನೀನ ಕೇಳಿದೆ, ಆ ಬುಧವಾರ ಹನ್ನೊಂದು ಗಂಟೆ ಸುಮಾರಿಗೆ ಗಿಂಡಿಯಲ್ಲಿ ಕರೆಂಟು ಹೋಗಿತ್ತಾ ಅಂತ. ಅವನು ಏನಂದ ಅಂತ ಹೇಳೋದಿಲ್ಲ, ಕೇಳಿದ್ದನ್ನ ನಂಬಿ ಅಂತ ನಾನು ಯಾರಿಗೂ ಹೇಳಲ್ಲ. ಕಂಡದ್ದು ಹೇಳ್ತೀನಿ. ಎಣ್ಣೂರಲ್ಲಿ ಫ್ಯಾನು ತಿರುಗ್ತಿತ್ತು, ಟಕ ಟಕ ಅಂತ. ನಾನು ಅದರ ಕೆಳಗೇ ಕೂತಿದ್ದೆ. ನನ್ನ ಸೆರಗು ಹಾರ್ತಿತ್ತು.